ತುಂಬಿದಂತೆಯೇ ಮರಳಿದ ಬಟ್ಟಲು

ಏಪ್ರಿಲ್ 29, ಮಂಗಳವಾರ. ಸಂಜೆ

ಮೂರನೇ ಸಲ ಸೋಸಿದೆ. ಬಟ್ಟೆಯ ಮೇಲೆ ಸಿಪ್ಪೆ ಕಾಣುವುದು ನಿಂತ ಮೇಲೆ ಬಾಟಲಿಗೆ. ಎರಡು ಬಾಟಲಿ. ಬೆರಳೆಲ್ಲ ನೇರಳೆ. ನಾಳೆ ಲ್ಯಾಬಿನಲ್ಲಿ ಕೇಳುತ್ತಾರೆ, ಯಾರನ್ನು ಮುಗಿಸಿ ಬಂದಿರಿ ಎಂದು.

ಚರ್ಚಿನಲ್ಲಿ ಕರ್ತನ ಭೋಜನಕ್ಕೆ ರೊಟ್ಟಿಯ ಜೊತೆ ಕೊಡುವ ದ್ರಾಕ್ಷಿರಸ ಅಮ್ಮ ಹೋದಾಗಿನಿಂದ ನನ್ನ ಕೆಲಸ. ತಿಂಗಳ ಮೊದಲ ಭಾನುವಾರಕ್ಕೆ ಶನಿವಾರ ಸಂಜೆ ಹಿಂಡುವುದು, ಬೆಳಿಗ್ಗೆ ಒಯ್ಯುವುದು. ಒಂದು ರಾತ್ರಿಯ ಮಾತಾದ್ದರಿಂದ ಕುದಿಸುವುದಿಲ್ಲ. ಕುದಿಸಿದರೆ ಕೆಮ್ಮಿನ ಔಷಧಿಯಂತಾಗುತ್ತದೆ ಎನ್ನುತ್ತಿದ್ದಳು ಅಮ್ಮ. ಈ ವಾರ ಮಾತ್ರ ಮೊದಲೇ ಹಿಂಡಿದೆ. ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನಿಂದ ಎರಡು ಪೂರ್ತಿ ಸೆಟ್ ಶನಿವಾರದೊಳಗೆ ಹೋಗಬೇಕು. ಒಬ್ಬ ಅಜ್ಜನಿಗೆ ಮೊಮ್ಮಗಳ ಮದುವೆಯ ಫೋಟೋದಲ್ಲಿ ನಗಬೇಕಂತೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಫ್ರಿಜ್ ಇದೆ. ಚಿಂತೆಯಿಲ್ಲ.

ತಮ್ಮ ಬಾಗಿಲಲ್ಲಿ ನಿಂತಿದ್ದ.

“ಕೊಡು ಅಕ್ಕ, ನಾನ್ ಇಟ್ಟು ಬರ್ತೀನಿ.”

“ಬೇಡ. ನಂಗೂ ಸ್ವಲ್ಪ ಗಾಳಿ ಬೇಕು.”

“ಗಾಳಿ ಬೇಕಾ, ಬಾಟಲಿ ಕಾಯೋದು ಬೇಕಾ?” ನಗುತ್ತಲೇ ಕೇಳಿದ. ನಾನೂ ನಕ್ಕೆ. ಬರೀ ದ್ರಾಕ್ಷಿರಸ… ಆದರೂ ಬಾಟಲಿಯನ್ನು ಅವನ ಕೈಗೆ ಕೊಡಲು ನನ್ನಿಂದ ಆಗಲಿಲ್ಲ.

ಅವನು ಕುಡಿತ ಬಿಟ್ಟು ವರ್ಷವಾಗುತ್ತ ಬಂತು. ಅಂದಿನಿಂದ ನನ್ನ ಮನೆಯ ಮುಂದಿನ ಕೋಣೆಯಲ್ಲಿದ್ದಾನೆ. ಹೆಂಡತಿ, ಮಗಳು ಅವಳ ತಾಯಿಯ ಮನೆಯಲ್ಲಿ. ಮರದ ಸಾಮಾನಿಗೆ ಪಾಲಿಶ್ ಮಾಡುವ ಕೆಲಸವನ್ನೇ ಬಿಟ್ಟ, ಸ್ಪಿರಿಟ್ ವಾಸನೆ ಬೇಡವೆಂದು. ಈಗ ಗೋಡೆಗೆ ಬಣ್ಣ ಹೊಡೆಯುತ್ತಾನೆ. ಈ ಭಾನುವಾರ ಅವನಿಗೆ ಮತ್ತೆ ಕರ್ತನ ಮೇಜಿಗೆ ಬರಲು ಪಾಸ್ಟರ್ ಒಪ್ಪಿಗೆ ಕೊಟ್ಟಿದ್ದಾರೆ. ಹೆಂಡತಿ ಹೇಳಿ ಕಳಿಸಿದ್ದಾಳೆ: ಅದಾಗಲಿ, ಆಮೇಲೆ ಹಿಂದಿನ ಬೀದಿಯ ಮನೆಯ ವಿಷಯ ಮಾತಾಡೋಣ. ಎರಡು ಕೋಣೆಯ ಮನೆ. ಜೂನ್‌ನಿಂದ ಬಾಡಿಗೆಗೆ ಸಿಗುತ್ತದೆ. ದಿನಾ ಕೆಲಸದಿಂದ ಬರುವಾಗ ಸುತ್ತು ಹಾಕಿ ಅದರ ಮುಂದೆ ಹಾದು ಬರುತ್ತಾನೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ.

ಮೇ 1, ಗುರುವಾರ

ನೆಗಡಿ. ಈ ಸೆಖೆಯಲ್ಲಿ ನೆಗಡಿ! ಮೂಗು ಪೂರ್ತಿ ಬಂದ್. ಕಟ್ಟುಹಲ್ಲಿನ ಒಸಡು ಎರಕ ಹೊಯ್ಯುವ ಘಾಟು ದ್ರವದ ಡಬ್ಬಿಯ ಮುಚ್ಚಳ ತೆರೆದೇ ಇತ್ತು. ಇಡೀ ಲ್ಯಾಬು ಕೆಮ್ಮುತ್ತಿತ್ತು, ನಾನು ಮೇಣ ಕೊರೆಯುತ್ತ ಕೂತಿದ್ದೆ. “ನಿಮ್ಮನ್ನ ಬಾಂಬ್ ಸ್ಕ್ವಾಡಿಗೆ ಸೇರಿಸ್ಬೇಕು” ಎಂದಳು ಪಕ್ಕದ ಮೇಜಿನ ಹುಡುಗಿ.

ಬೇಗ ಮಲಗುವೆ. ಕಾದಂಬರಿ ಐದು ಪುಟ. ಹಿಮದ ದೇಶದ ಕಥೆ, ಅನುವಾದ ಚೆನ್ನಾಗಿದೆ. ಆದರೆ ಆ ಜನ ಪುಟಕ್ಕೊಂದು ಸಲ ಕುಡಿಯುತ್ತಾರೆ. ತಮ್ಮ ಮನೆಯಲ್ಲಿದ್ದಾಗ ಪುಸ್ತಕವನ್ನು ಮೇಜಿನ ಮೇಲೆ ಬಿಡುವುದಿಲ್ಲ. ಹುಚ್ಚು.

ಮೇ 4, ಭಾನುವಾರ. ಮಧ್ಯಾಹ್ನ

ಹೇಗೆ ಬರೆಯಲಿ. ನಡೆದ ಹಾಗೇ ಬರೆಯುತ್ತೇನೆ.

ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿ ಮೂರನೇ ಬೆಂಚಿನಲ್ಲಿ, ನನ್ನ ಪಕ್ಕ. ಅವನ ಹೆಂಡತಿ, ಮಗಳು ಆಚೆ ಬದಿ, ಅದೇ ಸಾಲಿನಲ್ಲಿ. ಮಗಳು ಎರಡು ಸಲ ಬಗ್ಗಿ ಅಪ್ಪನನ್ನು ನೋಡಿದಳು. ಸಭೆಯ ದೊಡ್ಡ ಹಿರಿಯರು ಬಾಟಲಿ ತೆರೆದಾಗ ಅದು ಉಸ್ ಎಂದಿತು. “ತಾಜಾ ಇದೆ” ಎಂದು ಪಾಸ್ಟರಿಗೆ ಪಿಸುಗುಟ್ಟಿದ್ದು ಮುಂದಿನ ಬೆಂಚುಗಳಲ್ಲಿದ್ದ ನಮಗೂ ಕೇಳಿಸಿತು. ರೊಟ್ಟಿಯಾದ ಮೇಲೆ ಪುಟ್ಟ ಗಾಜಿನ ಬಟ್ಟಲುಗಳ ತಟ್ಟೆ ಸಾಲಿನಿಂದ ಸಾಲಿಗೆ ಹೋಯಿತು. ಎಲ್ಲರೂ ಕೈಯಲ್ಲಿ ಹಿಡಿದು ಕಾಯುವುದು, ಪಾಸ್ಟರ್ ಹೇಳಿದಾಗ ಒಟ್ಟಿಗೆ ಕುಡಿಯುವುದು.

ನಮ್ಮ ಸಭೆಯಲ್ಲಿ ಹಳೆಯ ರೂಢಿಯೊಂದಿದೆ. ಯಾರ ಜೊತೆಗಾದರೂ ಮನಸ್ತಾಪವಿದ್ದರೆ, ಒಪ್ಪಿಕೊಳ್ಳದ ತಪ್ಪೇನಾದರೂ ಇದ್ದರೆ, ಕುಡಿಯದೆ ಬಟ್ಟಲನ್ನು ತುಂಬಿದಂತೆಯೇ ತಟ್ಟೆಗೆ ಮರಳಿಸಬೇಕು. ಯಾರೂ ಏನೂ ಕೇಳುವುದಿಲ್ಲ. ಆ ವಾರ ಪಾಸ್ಟರ್ ಮನೆಗೆ ಬರುತ್ತಾರೆ. ಯಾರೂ ಕೇಳುವುದಿಲ್ಲ, ಎಲ್ಲರೂ ನೋಡುತ್ತಾರೆ. ಕಾಂಪೌಂಡ್ ಗೋಡೆಯ ಜಗಳದಲ್ಲಿ ಅಕ್ಕತಂಗಿಯರಿಬ್ಬರು ಒಂದು ಮಳೆಗಾಲವಿಡೀ ಬಟ್ಟಲು ಮರಳಿಸಿದ್ದರು. ಇಂದಿಗೂ ಅದು ಊರ ಬಾಯಲ್ಲಿದೆ.

ತಮ್ಮ ಬಟ್ಟಲು ತೆಗೆದುಕೊಂಡ. ತುಟಿಯ ಹತ್ತಿರ ಹೋಯಿತು. ನಿಂತಿತು. ನಾವೆಲ್ಲ ಕುಡಿದೆವು. ಅವನು ಹಿಡಿದೇ ಇದ್ದ. ಬಹಳ ಹೊತ್ತು. ಆಮೇಲೆ ತಟ್ಟೆ ಬಂದಾಗ ಹಾಗೇ ಇಟ್ಟುಬಿಟ್ಟ.

ಆಚೆ ಸಾಲಿನಲ್ಲಿ ಅವನ ಹೆಂಡತಿ ಹಾಡಿನ ಪುಸ್ತಕ ತೆರೆದಳು. ಹಾಡು ಇನ್ನೂ ಶುರುವಾಗಿರಲಿಲ್ಲ.

ಹೊರಗೆ ಕೊನೆ ಬೆಂಚಿನ ಅಜ್ಜಿ ನನ್ನ ಕೈ ಹಿಡಿದರು. “ಈ ಸಲದ ರಸ ಎದೆ ತನಕ ಬೆಚ್ಚಗೆ ಹೋಯ್ತು ಕಣಮ್ಮ! ಏನ್ ಹಾಕಿದ್ದೆ?” ಏನೂ ಇಲ್ಲಜ್ಜಿ ಎಂದೆ. ನನಗೆ ರುಚಿಯೇ ಗೊತ್ತಾಗಿರಲಿಲ್ಲ, ನೆಗಡಿ. ಅವನ ಹೆಂಡತಿ ಮಗಳ ಕೈ ಹಿಡಿದು ಬೇಗ ನಡೆದು ಹೋಗುತ್ತಿದ್ದಳು.

ಉಳಿದ ಮುಕ್ಕಾಲು ಬಾಟಲಿ ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟೆ. ತಮ್ಮ ನೋಡಿದ.

“ಅದನ್ನ ಚೆಲ್ಲಲಾ ಅಕ್ಕ?”

“ಯಾಕೆ? ಕರ್ತನ ಮೇಜಿಗೆ ಅಂತ ಮಾಡಿದ್ದು. ಚರಂಡಿಗೆ ಹಾಕ್ತಾರಾ?”

ಸುಮ್ಮನಾದ.

ಮೇ 5, ಸೋಮವಾರ

ಕುಡಿದಿದ್ದಾನೆ. ಬೇರೇನಿರಲು ಸಾಧ್ಯ. ಯಾವಾಗಲೋ, ಎಲ್ಲೋ, ಒಂದು ಸಲ. ಮನಸ್ಸು ಒಪ್ಪದೆ ಬಟ್ಟಲು ಮರಳಿಸಿದ್ದಾನೆ. ಅಷ್ಟಾದರೂ ಪ್ರಾಮಾಣಿಕತೆ ಇದೆ ಎಂದು ಸಮಾಧಾನ ಹೇಳಿಕೊಂಡೆ. ಸಮಾಧಾನವಾಗಲಿಲ್ಲ.

ಅವನು ಕೆಲಸಕ್ಕೆ ಹೋದ ಮೇಲೆ ಬ್ರಶ್ಶಿನ ಪೆಟ್ಟಿಗೆ ನೋಡಿದೆ. ಹಾಸಿಗೆಯ ಕೆಳಗೆ. ಮಳೆಕೋಟಿನ ಜೇಬು. ಏನೂ ಇಲ್ಲ. ಸಿಗದಿದ್ದಕ್ಕೆ ಖುಷಿಯಾಗಬೇಕಿತ್ತು… ಹೆಚ್ಚು ಜಾಣನಾಗಿದ್ದಾನೆ ಎಂದುಕೊಂಡೆ.

ಬೆಳಗಿನ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿದೆ. ಬಾಯಲ್ಲಿ ಅವನ ಹೆಸರು, ತಲೆಯಲ್ಲಿ ಮಳೆಕೋಟು.

ಮೇ 7, ಬುಧವಾರ. ಸಂಜೆ

ಪಾಸ್ಟರ್ ಬಂದಿದ್ದರು. ಚಹಾ ಕೊಟ್ಟು ಅಡಿಗೆಮನೆಯಲ್ಲಿ ಉಳಿದೆ. ಬಾಗಿಲು ಮುಚ್ಚಲಿಲ್ಲ.

“ಯಾರ ಜೊತೆಗಾದ್ರೂ ಮಾತಾಗಿದೆಯೇನಪ್ಪ?”

“ಇಲ್ಲ ಪಾಸ್ಟರ್.”

“ಮತ್ತೆ… ಹಳೇದು?”

“ಅದೂ ಇಲ್ಲ. ಕುಡಿದಿಲ್ಲ ನಾನು.”

“ಹಾಗಾದ್ರೆ ಬಟ್ಟಲು ಯಾಕೆ ಇಟ್ಟೆ? ನಿನ್ನ ಮನೆಯಾಕೆ ಬಂದಿದ್ಳು. ಅಳಲಿಲ್ಲ, ಅದೇ ನಂಗೆ ಭಯ. ಹಿಂದಿನ ಬೀದಿ ಮನೆ ಬೇಡ ಅಂತ ಹೇಳಿಬಿಡಿ ಅಂದ್ಳು.”

ತಮ್ಮ ಚಹಾದ ಲೋಟ ಕೆಳಗಿಟ್ಟ. “ಹೇಳೋ ಹಾಗಿಲ್ಲ ಪಾಸ್ಟರ್. ಸುಳ್ಳು ಹೇಳಲ್ಲ, ಅಷ್ಟೇ.”

ಪಾಸ್ಟರ್ ಹೋಗುವಾಗ ನನ್ನ ಮುಖ ನೋಡಿದರು. ನಾನು ಲೋಟ ತೊಳೆಯುತ್ತಿದ್ದೆ.

ಇನ್ನೊಂದು. ಭಾನುವಾರದಿಂದ ತಮ್ಮ ಫ್ರಿಜ್ ತೆಗೆಯುತ್ತಿಲ್ಲ. ಈ ಬಿಸಿಲಿನಲ್ಲಿ ಬಂದವನು ನಲ್ಲಿಯ ನೀರು ಕುಡಿಯುತ್ತಾನೆ. ಹಾಲು ಬೇಕಾದರೂ “ನೀನೇ ಕೊಡು” ಎನ್ನುತ್ತಾನೆ. ಅಡಿಗೆಮನೆಯಲ್ಲಿ ನಿಲ್ಲುವುದೇ ಇಲ್ಲ. ನನ್ನ ಮೇಲೆ ಮುನಿಸು. ಪೆಟ್ಟಿಗೆ ಹುಡುಕಿದ್ದು ಗೊತ್ತಾಗಿರಬೇಕು.

ಮೇ 8, ಗುರುವಾರ. ಸಂಜೆ

ಮಧ್ಯಾಹ್ನ ಲ್ಯಾಬಿನಲ್ಲಿ ಮೂಗು ತೆರೆಯಿತು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಕಣ್ಣಲ್ಲಿ ನೀರು. ಹುಡುಗಿ ಚಪ್ಪಾಳೆ ತಟ್ಟಿದಳು.

ಸಂಜೆ ಕೊನೆ ಬೆಂಚಿನ ಅಜ್ಜಿಯ ಸೊಸೆ ಬಂದಳು. ನಗು ತಡೆಯುತ್ತಿದ್ದಳು. “ಅತ್ತೆಗೆ ಆ ರಸ ಇನ್ನೊಂದು ಲೋಟ ಬೇಕಂತೆ. ಭಾನುವಾರ ಅದೆಂಥ ನಿದ್ದೆ ಮಾಡಿದ್ರು ಅಂತೀರಿ! ಗೊರಕೆ ಬೀದಿಗೆ ಕೇಳ್ತಿತ್ತು.” ಕೊಡೋಣ ಎಂದು ಬಾಟಲಿ ತೆಗೆದೆ. ಬೂಚು ತಾನೇ ಹಾರಿತು. ಕುತ್ತಿಗೆಯ ಸುತ್ತ ನೊರೆಯ ಕಲೆ, ಒಳಗೆ ಸಣ್ಣ ಗುಳ್ಳೆಗಳು ಮೇಲೇರುತ್ತಿದ್ದವು. ಆಮೇಲೆ ವಾಸನೆ.

ಆ ವಾಸನೆ ನನಗೆ ಗೊತ್ತು. ವರ್ಷಗಟ್ಟಲೆ ಅದು ತಮ್ಮನ ಅಂಗಿಯಲ್ಲಿತ್ತು.

ಅವಳಿಗೆ ಖಾಲಿಯಾಗಿದೆ ಎಂದೆ. ಹೋದಳು. ನಾನು ಅಡಿಗೆಮನೆಯ ನೆಲದ ಮೇಲೆ ಕೂತೆ. ಕುದಿಸದ ರಸ, ಮಂಗಳವಾರದ್ದು. ಫ್ರಿಜ್ಜಿನಲ್ಲಿತ್ತಲ್ಲ? ಹೇಗಾಯಿತೋ, ಹುಳಿತು ಹೆಂಡವಾಗಿತ್ತು. ಇಡೀ ಸಭೆ ಅದನ್ನು ಕುಡಿದು ಆಮೆನ್ ಎಂದಿತ್ತು. ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟದ ಜನ ನಾವು. ಗುರುತಿಸುವ ಮೂಗು ನಮ್ಮಲ್ಲಿ ಒಬ್ಬನಿಗೆ ಮಾತ್ರ ಇತ್ತು.

ಆ ಒಬ್ಬನ ಮನೆಯ ಫ್ರಿಜ್ಜಿನಲ್ಲಿ ನಾನೇ ಅದನ್ನು ತಂದಿಟ್ಟೆ. ಚೆಲ್ಲಲಾ ಎಂದು ಕೇಳಿದ. ಬೇಡವೆಂದೆ. ಅವನು ನಲ್ಲಿಯ ನೀರು ಕುಡಿದ.

ಮೇ 9, ಶುಕ್ರವಾರ. ಬೆಳಿಗ್ಗೆ, ಲ್ಯಾಬಿಗೆ ಮುಂಚೆ

ನಿನ್ನೆ ಅವನು ಬಂದಾಗ ಮೇಜಿನ ಮೇಲೆ ಏನೂ ಇಡಲಿಲ್ಲ. ಬಾಟಲಿ ಪಕ್ಕದ ಮನೆಯವರ ಬಳಿ ಕೊಟ್ಟಿದ್ದೆ. ಪಾಸ್ಟರಿಗೆ ತೋರಿಸಬೇಕು.

“ನಿಂಗೆ ಗೊತ್ತಿತ್ತಾ?” ಎಂದೆ.

ಏನೆಂದು ಕೇಳಲಿಲ್ಲ. ಚಪ್ಪಲಿ ಬಿಡುತ್ತ ನಿಂತ. “ಬಟ್ಟಲು ಎತ್ತಿದ ಕೂಡ್ಲೇ.”

“ಹೇಳ್ಬಾರದಿತ್ತಾ?”

“ಯಾವಾಗ? ಎದ್ದು ನಿಂತು, ಎಲ್ಲಾ ಬಟ್ಟಲು ಕೆಳಗಿಡಿ, ಇದು ಹೆಂಡ ಅನ್ಲಾ? ಅಕ್ಕ, ಒಂದು ವರ್ಷ ಆದ್ಮೇಲೆ ಮೊದಲ ಸಲ ಬಂದಿದ್ದೀನಿ. ಕುಡುಕನ ಮೂಗಿಗೆ ದೇವರ ಮೇಜೂ ಅಂಗಡಿ ಥರ ಕಂಡಿತು ಅಂತಿದ್ರು.”

“ಆಮೇಲಾದ್ರೂ? ನಂಗೆ?”

“ನಿಂಗಾ?” ನಕ್ಕ. “ನಿನ್ ಮುಖ ನೋಡಿದ್ರೆ, ನೀನಾಗ್ಲೇ ತೀರ್ಪು ಬರೆದಿದ್ದೆ.” ಆಮೇಲೆ ಮೆತ್ತಗೆ ಹೇಳಿದ. “ಅಮ್ಮ ಕೊಟ್ಟ ಕೆಲಸ ಅದು. ನಿಂಗೆ ಅದೊಂದೇ ಇರೋದು. ದೊಡ್ಡ ಹಿರಿಯರು ಬಿಡ್ತಿದ್ರಾ? ನಾಳೆಯಿಂದ ಬಾಟಲಿ ಬೇರೆ ಮನೇಲಿ ಇರ್ತಿತ್ತು.”

“ಅದಕ್ಕೆ ನಿನ್ ಸಂಸಾರ ಕಳ್ಕೋತೀಯಾ?”

“ಕಳ್ಕೊಂಡು ಅಭ್ಯಾಸ ಇದೆಯಲ್ಲ” ಎಂದ. ತಮಾಷೆಗೆ ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಅವನ ತಟ್ಟೆಗೆ ಅನ್ನ ಬಡಿಸುತ್ತ ನಾನೇ ಕೇಳಿದೆ, ಅಷ್ಟು ಹೊತ್ತು ಯಾಕೆ ಕೈಯಲ್ಲಿ ಹಿಡಿದಿದ್ದೆ ಎಂದು.

“ಅದು ಸಣ್ಣ ಬಟ್ಟಲು ಅಕ್ಕ. ಒಂದು ಗುಟುಕೂ ಇಲ್ಲ. ಕರ್ತನೇ ಕೊಟ್ಟಿದ್ದಾನೆ ಅಂತ ಒಳಗಿಂದ ಯಾರೋ ಹೇಳ್ತಿದ್ರು. ಅದು ಕರ್ತನ ದನಿ ಅಲ್ಲ ಅಂತ ಗೊತ್ತಾಗೋಕೆ ಅಷ್ಟು ಹೊತ್ತು ಬೇಕಾಯ್ತು.”

ಮಳೆಕೋಟಿನ ವಿಷಯ ಹೇಳಿದೆ. “ಗೊತ್ತು” ಎಂದ. “ಜೇಬು ಹೊರಗೇ ಬಿಟ್ಟಿದ್ದೆ. ಹುಡುಕೋದಾದ್ರೂ ನೀಟಾಗಿ ಹುಡುಕ್ಬೇಕು.”

ಅದೇ ದಿನ, ಸಂಜೆ

ಬಾಟಲಿಯೊಂದಿಗೆ ಪಾಸ್ಟರ್ ಮನೆಗೆ. ದೊಡ್ಡ ಹಿರಿಯರೂ ಅಲ್ಲೇ ಇದ್ದರು. ಪಾಸ್ಟರ್ ಮೂಸಿದರು, ಹೆಂಡತಿಗೆ ಕೊಟ್ಟರು, ಅವರು ಮೂಸಿ ಕಿಟಕಿ ತೆರೆದರು. ದೊಡ್ಡ ಹಿರಿಯರು ಬಹಳ ಹೊತ್ತು ಮೂಸಿ, “ನಂಗೆ ಇದರಲ್ಲಿ ತಪ್ಪೇನೂ ಕಾಣಲ್ಲ” ಎಂದರು. ಪಾಪ, ಅವರೇ ಅವತ್ತು “ತಾಜಾ” ಎಂದವರು.

ಗೊತ್ತಾದ ಮೇಲೆ ಕೆಂಪಾದರು. “ಇದು ಈ ನಾಲ್ಕು ಗೋಡೆ ದಾಟಬಾರದು. ಹೆಂಡ ಮುಟ್ಟಲ್ಲ ಅನ್ನೋ ಒಂದು ಮಾತಿನ ಮೇಲೆ ನಿಂತ ಸಭೆ ಇದು. ಹೊರಗಿನವರು ಏನಂದುಕೊಳ್ತಾರೆ? ಅವನ ಹೆಂಡತಿಗೆ ಮೆತ್ತಗೆ ತಿಳಿಸೋಣ. ಸಾಕಲ್ಲ?”

ಸಾಕಿತ್ತು. ನಿಜಕ್ಕೂ. ಅವಳೊಬ್ಬಳಿಗೆ ತಿಳಿದರೆ ಅವನ ಮನೆ ಉಳಿಯುತ್ತದೆ, ನನ್ನ ಬಾಟಲಿಯೂ ಉಳಿಯುತ್ತದೆ. ಹೂಂ ಎನ್ನಲು ಬಾಯಿ ತೆರೆದೆ.

“ಬಟ್ಟಲು ಮರಳಿದ್ದನ್ನ ಅವಳೊಬ್ಬಳೇ ನೋಡಲಿಲ್ಲ” ಎಂದಿತು ನನ್ನ ಬಾಯಿ. “ಎಲ್ಲಾ ನೋಡಿದ್ದಾರೆ. ಎಲ್ಲಾ ಕೇಳಬೇಕು.”

“ನಿಮ್ಮ ಹೆಸರು ಬರುತ್ತೆ.”

“ಬರಲಿ.”

ಪಾಸ್ಟರ್ ಬೂಚು ಒತ್ತಿ ಹಾಕಿದರು. “ಭಾನುವಾರ, ಪ್ರಾರ್ಥನೆಗೆ ಮುಂಚೆ. ನಾನು ಹೇಳ್ಲಾ, ನೀವು ಹೇಳ್ತೀರಾ?”

ಐವತ್ತೆರಡು ವರ್ಷದಲ್ಲಿ ಸಭೆಯೆದುರು ಎದ್ದು ನಿಂತು ಒಂದು ಸಾಕ್ಷಿಯನ್ನೂ ಹೇಳಿದವಳಲ್ಲ ನಾನು. ಹಾಡುವಾಗಲೂ ತುಟಿ ಮಾತ್ರ ಆಡಿಸುವವಳು. ನಾನೇ ಹೇಳ್ತೀನಿ ಎಂದೆ.

ಮೇ 11, ಭಾನುವಾರ

ಚಿಕ್ಕದಾಗಿ ಹೇಳಿದೆ. ಹೋದ ವಾರದ ರಸ ಹುಳಿತಿತ್ತು. ಕುದಿಸದೆ ದಿನಗಟ್ಟಲೆ ಮೊದಲೇ ಮಾಡಿದವಳು ನಾನು. ನೆಗಡಿಯಿಂದ ನನಗೆ ತಿಳಿಯಲಿಲ್ಲ. ನನ್ನ ತಮ್ಮನಿಗೆ ತಿಳಿಯಿತು. ಅದಕ್ಕೇ ಇಟ್ಟ. ನನ್ನನ್ನು ಕಾಪಾಡಲು ಬಾಯಿ ಬಿಡಲಿಲ್ಲ. ಅವನು ಕುಡಿದಿಲ್ಲ. ನಾವು ಕುಡಿದೆವು.

ಇಷ್ಟೇ. ಎರಡೂ ಕೈಯಲ್ಲಿ ಬೆಂಚು ಹಿಡಿದಿದ್ದೆ.

ಕೂತುಬಿಟ್ಟೆ. ಆಮೇಲೆ ಕೊನೆ ಬೆಂಚಿನಿಂದ, ಎಲ್ಲರಿಗೂ ಕೇಳುವಂತೆ: “ಅದಕ್ಕೇ ನಾನಂದೆ!”

ಯಾರೋ ಕಿಸಕ್ಕೆಂದರು. ಅದು ಬೆಂಚಿನಿಂದ ಬೆಂಚಿಗೆ ಹರಡಿತು. ಪಾಸ್ಟರ್ ಕರವಸ್ತ್ರದಿಂದ ಮುಖ ಒರೆಸಿಕೊಂಡರು, ಬೆವರಿಗಲ್ಲ. ಗಾಯನ ತಂಡದ ಮೇಷ್ಟ್ರು ಮಾತ್ರ ನಗದೆ ಎದ್ದು ನಿಂತರು. “ಹಿಂದಿನ ಕೋಣೆಯ ಫ್ರಿಜ್ಜಿನ ಪ್ಲಗ್ ಕಿತ್ತವನು ನಾನು. ಅಭ್ಯಾಸದ ಹೊತ್ತಲ್ಲಿ ಅದು ಗುಂಯ್ ಅನ್ನುತ್ತೆ, ಶ್ರುತಿ ಕೆಡುತ್ತೆ. ಆ ಭಾನುವಾರಕ್ಕೆ ಮುಂಚಿನ ಬುಧವಾರ ಕಿತ್ತಿದ್ದು, ಮತ್ತೆ ಹಾಕಿದ ನೆನಪಿಲ್ಲ.” ಪಾಪದವರು, ಕೂರುವಾಗ ಹಾಡಿನ ಹಾಳೆಗಳನ್ನೆಲ್ಲ ಕೆಳಗೆ ಬೀಳಿಸಿದರು.

ದೊಡ್ಡ ಹಿರಿಯರು ನಗಲಿಲ್ಲ. ಆರಾಧನೆಯ ನಂತರ ಬಂದು, ಇನ್ನು ಮುಂದೆ ರಸ ಪಾಸ್ಟರಮ್ಮನವರ ಮನೆಯಲ್ಲಿ ಕುದಿಸಿ ಮಾಡುವುದೆಂದು ತೀರ್ಮಾನವಾಗಿದೆ ಎಂದರು. ಆಗಲಿ ಎಂದೆ. ಸುಲಭವಾಗಿ ಬಂತು ಮಾತು. ಮನೆಗೆ ಬಂದು ಸೋಸುವ ಬಟ್ಟೆ ಮಡಚಿಡುವಾಗ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ತಮ್ಮನ ಹೆಂಡತಿ ಅಂಗಳದ ನಲ್ಲಿಯ ಹತ್ತಿರ ನಿಂತಿದ್ದಳು. ಮಗಳು ಅಪ್ಪನ ಬೆರಳು ಹಿಡಿದು ದೂರದಲ್ಲಿ ಏನೋ ತೋರಿಸುತ್ತಿದ್ದಳು.

“ಅಕ್ಕ, ನೀವು ಅವರ ಪೆಟ್ಟಿಗೆ ಹುಡುಕಿದ್ರಾ?”

“ಹುಡುಕಿದೆ.”

“ನಾನು ಇದ್ದಿದ್ರೂ ಹುಡುಕ್ತಿದ್ದೆ.” ಕೈ ತೊಳೆದಳು. ಮತ್ತೆ ತೊಳೆದಳು. “ಒಂದು ಬಟ್ಟಲು ಬೇಡ ಅಂದಿದ್ದಕ್ಕೆ ಸಂಸಾರ ನಡೆಯಲ್ಲ ಅಕ್ಕ. ಅವರು ಹೇಳದೆ ಇದ್ರಲ್ಲ, ನಂಗೆ ಅದು ಕೋಪ. ಒಳ್ಳೇದು ಮಾಡಿದ್ರೂ ಬಚ್ಚಿಡ್ತಾರೆ, ಕೆಟ್ಟದ್ದು ಮಾಡಿದ್ರೂ ಬಚ್ಚಿಡ್ತಾರೆ. ನಾನು ಯಾವುದು ಅಂತ ಹೇಗೆ ತಿಳ್ಕೊಳ್ಳಲಿ?”

ಅವನಿಗೇ ಹೇಳು ಎಂದೆ. ಹೋದಳು. ಬೇಲಿಯ ಹತ್ತಿರ ನಿಂತು ಮಾತಾಡಿದರು. ಅವಳೇ ಹೆಚ್ಚು ಮಾತಾಡಿದಳು. ಜಗಳದಂತೆಯೇ ಕಂಡಿತು. ಅವನು ತಲೆ ಬಗ್ಗಿಸಲಿಲ್ಲ. ಈ ಸಲ ಉತ್ತರ ಕೊಡುತ್ತಿದ್ದ.

ಮೇ 24, ಶನಿವಾರ

ಬರೆಯದೆ ಬಹಳ ದಿನ. ಲ್ಯಾಬು, ಮನೆ. ಮದುವೆಯ ಅಜ್ಜ ಫೋಟೋ ಕಳಿಸಿದ್ದಾರೆ. ವಧುವಿಗಿಂತ ಅವರ ನಗುವೇ ದೊಡ್ಡದು. ಕಾದಂಬರಿ ಮುಗಿಯಿತು. ಮೇಜಿನ ಮೇಲೇ ಬಿಟ್ಟಿದ್ದೆ. ತಮ್ಮ ಎರಡು ಪುಟ ಓದಿ, “ಇವರಿಗೆ ಯಾರೂ ಅಕ್ಕ ಇರ್ಲಿಲ್ಲ ಅನ್ಸುತ್ತೆ” ಎಂದ.

ಅವನ ಹೆಂಡತಿ ಇವತ್ತು ಹಿಂದಿನ ಬೀದಿಯ ಮನೆ ನೋಡಲು ಬಂದಿದ್ದಳು. ಬರುತ್ತೇನೆ ಎಂದಿಲ್ಲ. ನೋಡಲು ಮಾತ್ರ. ಅಡಿಗೆಮನೆಯ ಗೋಡೆ ತಟ್ಟಿ ನೋಡಿದಳು, ಕಿಟಕಿ ಸಣ್ಣದು ಎಂದಳು. ಮಗಳ ಕೋಣೆಗೆ ಯಾವ ಬಣ್ಣ ಎಂದು ಅವನು ಕೇಳಿದ. “ಬರ್ತೀವಿ ಅಂತ ಯಾರು ಹೇಳಿದ್ರು?” ಎಂದಳು. ಬಾಗಿಲ ತನಕ ಹೋಗಿ ತಿರುಗಿ, “ಹಳದಿ ಮಾತ್ರ ಬೇಡ” ಎಂದಳು.

ಪ್ರಾರ್ಥನೆ ಈಗ ಚಿಕ್ಕದಾಗಿದೆ. ಇವನನ್ನು ಕಾಯು ಎಂದು ದೇವರನ್ನು ಕೇಳುತ್ತಿದ್ದೆ. ಕಾವಲು ಮಾತ್ರ ನನ್ನ ಕೈಯಲ್ಲೇ ಇಟ್ಟುಕೊಂಡಿದ್ದೆ. ಈಗ ಹೆಸರು ಹೇಳಿ ಬಿಟ್ಟುಬಿಡುತ್ತೇನೆ. ಬಿಡುವುದು ಕಷ್ಟ. ದಿನಾ ಹೊಸದಾಗಿ ಬಿಡಬೇಕು.

ಮೇ 31, ಶನಿವಾರ. ಬೆಳಿಗ್ಗೆ

ಹಿಂದಿನ ಬೀದಿಯ ಮನೆಗೆ ಸಾಮಾನು ಸಾಗಿಸಲು ಕೈಗಾಡಿ ಬಂದು ಅರ್ಧ ಗಂಟೆಯಾಯಿತು. ಹಾಸಿಗೆಯೊಂದು ಬಿಟ್ಟರೆ ಮುಂದಿನ ಕೋಣೆ ಖಾಲಿ. ಗೋಡೆಯ ಮೇಲೆ ಅವನು ಬಣ್ಣ ಪರೀಕ್ಷಿಸಿದ ಚೌಕಗಳು, ತಿಳಿ ಹಸಿರು, ಇನ್ನೂ ತಿಳಿ ಹಸಿರು. ಒರೆಸುವುದಿಲ್ಲ.

ಅವನ ಹೆಂಡತಿ ಎಂಟಕ್ಕೇ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಏನನ್ನೂ ವಿವರಿಸಲಿಲ್ಲ. “ಹಾಸಿಗೆ ಯಾರು ಹೀಗೆ ಕಟ್ಟಿದ್ದು?” ಎಂದು ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ. ಅವಳು ಹೇಳಿದ್ದಕ್ಕೆಲ್ಲ ಅವನು ಉತ್ತರ ಕೊಡುತ್ತಿದ್ದಾನೆ, ಜೋರಾಗಿಯೇ. ಒಂದು ವರ್ಷ ಈ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಿರಲಿಲ್ಲ. ನಾಳೆ ಮೊದಲ ಭಾನುವಾರ. ನಾನು ಏನನ್ನೂ ಹಿಂಡಬೇಕಾಗಿಲ್ಲ. ಮೂವರೂ ಒಂದೇ ಬೆಂಚಿನಲ್ಲಿ ಕೂರುತ್ತಾರಂತೆ. ಮಗಳು ಹೇಳಿದಳು. ನನಗೂ ಜಾಗ ಇಡ್ತಾಳಂತೆ, ಆದರೆ ನಾನು ಬೇಗ ಬರಬೇಕಂತೆ, ಏಕೆಂದರೆ ಅಜ್ಜಿ ಈ ಸಲ ಮುಂದೆ ಕೂರಲು…

ಹಾಸಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿದೆ. ಒಳಗೆ ಅವನು, ಹೊರಗೆ ಅವಳು, ಇಬ್ಬರೂ ತಳ್ಳುತ್ತಿದ್ದಾರೆ. ಎಳೆಯುವವರು ಯಾರೂ ಇಲ್ಲ. ಮಗಳು ನನ್ನನ್ನು ಕರೆಯುತ್ತಿದ್ದಾಳೆ, “ಅತ್ತೇ, ಬರೆದಿದ್ದು ಸಾಕು, ಬಾ! ನೀನು ಈ ಮೂಲೆ ಹಿಡ್ಕೋ”—